ಉಪ್ಪಿನ ಕೆಳಗಿನ ಚಾಪೆ

(ಕುಮಟಾದ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಅಲ್ಲಲ್ಲಿ ದಾರಿ ಬಿಟ್ಟು ಹೋಗಿದೆ. ಹಾಗೇ ಇರಲಿ ಎಂದು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

"ಸರ್, ಪ್ರೊಜೆಕ್ಟರ್ ಬೇಕಾ?" ಎಂದು ಬಳಗದವರು ಮೊನ್ನೆ ಫೋನ್ ಮಾಡಿ ಕೇಳಿದರು. ಬೇಡ ಎಂದೆ. ಇನ್ನೊಬ್ಬರ ಫಾರಿನ್ ಟ್ರಿಪ್ಪಿನ ಫೋಟೋ ನೋಡುತ್ತಾ ಕೂರುವ ಕಷ್ಟ ನನಗೂ ಗೊತ್ತು. ಅದಕ್ಕೆ ಬದಲಾಗಿ ಎರಡು ಡಬ್ಬಿ ತಂದಿದ್ದೇನೆ. ಇಲ್ಲಿ ಮೇಜಿನ ಮೇಲಿವೆ ನೋಡಿ. ಎರಡರಲ್ಲೂ ಇರೋದು ಉಪ್ಪೇ. ಒಂದು ಇಲ್ಲೇ ಗೋಕರ್ಣದ ಹತ್ತಿರದ ಸಾಣಿಕಟ್ಟಾದ್ದು. ಇನ್ನೊಂದು ಪಿರಾನ್ ಎಂಬ ಊರಿನದ್ದು. ಡಬ್ಬಿ ಈಗಲೇ ತೆರೆಯುವುದಿಲ್ಲ. ಉಪ್ಪು ನಾಲಿಗೆಗೆ ಬಿದ್ದರೆ ನೀವೆಲ್ಲ ನೀರು ಹುಡುಕಿಕೊಂಡು ಎದ್ದು ಹೋಗುತ್ತೀರಿ.

ಪಿರಾನ್ ಇರುವುದು ಸ್ಲೊವೇನಿಯಾ ದೇಶದಲ್ಲಿ. ಇಟಲಿಯ ಪಕ್ಕದ ಪುಟ್ಟ ದೇಶ ಅದು. ಅದಕ್ಕೆ ಸಿಕ್ಕಿರುವ ಸಮುದ್ರ ತೀರ ಸುಮಾರು 47 ಕಿಲೋಮೀಟರ್ ಮಾತ್ರ. ಕುಮಟಾದಿಂದ ಕಾರವಾರಕ್ಕೆ ಹೋಗುವಷ್ಟೂ ಇಲ್ಲ! ಮೆಡಿಟರೇನಿಯನ್ ಸಮುದ್ರದ ಒಂದು ಉದ್ದನೆಯ ತೋಳು ಉತ್ತರಕ್ಕೆ ಚಾಚಿಕೊಂಡಿದೆ. ಅದೇ ಏಡ್ರಿಯಾಟಿಕ್. ಆ ತೋಳಿನ ತುದಿಯಲ್ಲಿ, ನೀರಿಗೆ ಮೂಗು ಚಾಚಿದ ಹಾಗೆ ಒಂದು ಭೂಶಿರ ಇದೆ. ಅದರ ಮೇಲೆ ಒತ್ತೊತ್ತಾಗಿ ಕಟ್ಟಿಕೊಂಡ ಊರು ಪಿರಾನ್. ಹಳೆಯ ಊರಿನಲ್ಲಿ ಇರೋದು ನಾಲ್ಕು ಸಾವಿರದ ಆಚೀಚೆ ಜನ.

ನಾನು ಅಲ್ಲಿಗೆ ಹೋದದ್ದು ಮಗಳ ದೆಸೆಯಿಂದ. ಅವಳ ಕೆಲಸ ಇಟಲಿಯ ತ್ರಿಯೆಸ್ತೆಯಲ್ಲಿ. ಭೌತಶಾಸ್ತ್ರ ಓದಿದವರಿಗೆ ತ್ರಿಯೆಸ್ತೆ ಎಂದರೆ ಕಿವಿ ನೆಟ್ಟಗಾಗುತ್ತದೆ. ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಅಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ಬಡ ದೇಶಗಳ ವಿಜ್ಞಾನಿಗಳಿಗೆ ಬಂದು ಕೂತು ಕೆಲಸ ಮಾಡಲು ಒಂದು ಜಾಗ ಬೇಕು ಎನ್ನುವುದು ಅವರ ಆಸೆ. ನಮ್ಮ ದೇಶದ ಎಷ್ಟೋ ಮೇಷ್ಟ್ರುಗಳು ಹೋಗಿ ಬಂದರು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಲೋಲಕದ ಪ್ರಯೋಗ ಮಾಡಿಸುತ್ತಾ ಕೂತ ನಾನು ಅರ್ಜಿ ಕೂಡ ಹಾಕಲಿಲ್ಲ. ಕೊನೆಗೆ ಅಜ್ಜನಾಗಿ, ಮೊಮ್ಮಗನನ್ನು ನೋಡಿಕೊಳ್ಳಲು ಹೋದೆ.

ಒಂದು ಶನಿವಾರ ಮಗಳು "ಅಪ್ಪಾ, ನಿಮ್ಮನ್ನ ಒಂದು ಚಂದದ ಊರಿಗೆ ಕರ್ಕೊಂಡು ಹೋಗ್ತೇನೆ" ಎಂದಳು. ತ್ರಿಯೆಸ್ತೆಯಿಂದ ಕೊಪೆರ್‌ಗೆ ಒಂದು ಬಸ್, ಅಲ್ಲಿಂದ ಪಿರಾನ್‌ಗೆ ಇನ್ನೊಂದು. ಜುಲೈ ತಿಂಗಳು. ನಮ್ಮಲ್ಲಿ ಗುಡ್ಡ ಕುಸಿಯುವ ಮಳೆ. ಅಲ್ಲಿ ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ಚಂದದ ಊರು ಹೌದು, ಅದರಲ್ಲಿ ಎರಡು ಮಾತಿಲ್ಲ. ಊರೊಳಗೆ ಹೊರಗಿನವರ ಕಾರು ಬಿಡುವುದಿಲ್ಲ. ಎಲ್ಲರೂ ನಡೆದೇ ಹೋಗಬೇಕು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಓಣಿಗಳು. ಓಣಿ ದಾಟಿದರೆ ತಟ್ಟನೆ ಬಯಲು, ಬಿಳಿ ಕಲ್ಲು ಹಾಸಿದ ಮೊಟ್ಟೆಯಾಕಾರದ ಚೌಕ. ಸುತ್ತ ಕೆಂಪು, ಹಳದಿ, ಕೆನೆ ಬಣ್ಣದ ಮನೆಗಳು. ಮೇಲೆ ಗುಡ್ಡದಲ್ಲಿ ಸಂತ ಜಾರ್ಜನ ಇಗರ್ಜಿ, ಅದರ ಪಕ್ಕ ಗಂಟೆ ಗೋಪುರ. ವೆನಿಸ್ ನಗರದ ಸಂತ ಮಾರ್ಕನ ಗೋಪುರ ನೋಡಿಕೊಂಡು 17ನೇ ಶತಮಾನದ ಶುರುವಿನಲ್ಲಿ ಕಟ್ಟಿಸಿದ್ದು ಅದು. ಐಸ್‌ಕ್ರೀಮ್, ಫೋಟೋ, ಮತ್ತೆ ಐಸ್‌ಕ್ರೀಮ್. ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರ ಪಿರಾನ್ ಇಷ್ಟಕ್ಕೇ ಮುಗಿಯುತ್ತದೆ. ನಮ್ಮದೂ ಮುಗಿಯುತ್ತಿತ್ತು. ವಾಪಸ್ ಹೋಗುವ ಬಸ್ಸಿನ ವೇಳೆ ತಪ್ಪಾಗಿ ಓದಿಕೊಂಡೆವು. ತಪ್ಪು ನಂದೇ, ಕನ್ನಡಕ ಮನೆಯಲ್ಲಿ ಬಿಟ್ಟಿದ್ದೆ. ಬಸ್ ಹೋಯಿತು, ಮೂರು ಗಂಟೆ ಉಳಿಯಿತು. ಬಿಸಿಲು ತಪ್ಪಿಸಿಕೊಳ್ಳಲು ಚೌಕದ ಮೂಲೆಯ ಒಂದು ಕೆಂಪು ಮನೆಯ ನೆರಳಿಗೆ ಹೋದೆವು.

ಆ ಮನೆಗೆ ವೆನಿಸ್ ಮನೆ ಎಂದೇ ಹೆಸರು. 15ನೇ ಶತಮಾನದ್ದು. ಮೂಲೆಯಲ್ಲಿ ಕಲ್ಲಿನ ಕಸೂತಿಯಂಥ ಬಾಲ್ಕನಿ. ಎರಡು ಕಿಟಕಿಗಳ ನಡುವೆ ಸಿಂಹದ ಕೆತ್ತನೆ, ಅದರ ಬಾಯಲ್ಲಿ ಒಂದು ಪಟ್ಟಿ. ಅದರ ಮೇಲೆ ವೆನಿಸ್ ಕಡೆಯ ಆಡುಮಾತಿನಲ್ಲಿ "ಲಾಸ್ಸಾ ಪುರ್ ದಿರ್" ಎಂದು ಕೆತ್ತಿದ್ದಾರೆ. "ಅವರು ಆಡಿಕೊಳ್ಳಲಿ ಬಿಡು" ಎಂದು ಅರ್ಥ. ಊರಿನವರು ಹೇಳುವ ಕತೆ ಹೀಗೆ: ವೆನಿಸ್‌ನ ಒಬ್ಬ ಶ್ರೀಮಂತ ವ್ಯಾಪಾರಿಗೆ ಪಿರಾನಿನ ಹುಡುಗಿ ಮೇಲೆ ಮನಸ್ಸಾಯಿತು. ಅವಳಿಗೆಂದು ಚೌಕದಲ್ಲೇ ಮನೆ ಕಟ್ಟಿಸಿಕೊಟ್ಟ. ಊರು ಸುಮ್ನೆ ಇರುತ್ತದಾ? ಬಾಯಿಗೆ ಬಂದ ಹಾಗೆ ಮಾತಾಡಿತು. ಆಗ ಈ ಮೂರು ಪದ ಕೆತ್ತಿಸಿ ಗೋಡೆಗೆ ಹಾಕಿದರಂತೆ. ಕತೆ ನಿಜವೋ ಸುಳ್ಳೋ, ಆ ಮೂರು ಪದ ನನಗಂತೂ ಬಹಳ ಹಿಡಿಸಿತು.

ಮನೆಯ ಕೆಳಗಡೆ ಒಂದು ಅಂಗಡಿ. ಒಳಗೆ ಹೋದರೆ ಬರೀ ಉಪ್ಪು. ಉಪ್ಪಿನ ಚೀಲ, ಉಪ್ಪಿನ ಡಬ್ಬಿ, ಉಪ್ಪು ಬೆರೆಸಿದ ಚಾಕೊಲೇಟ್. ಬೆಲೆ ನೋಡಿ ನಾನು ದಂಗಾದೆ, ನಗುವೂ ಬಂತು. ನಮ್ಮಲ್ಲಿ ಮೀನಿಗೆ ಉಜ್ಜುವ ಉಪ್ಪಿಗೆ ಬಂಗಾರದಂಗಡಿಯ ಹಾಗೆ ದೀಪ ಹಾಕಿ ಕೂರಿಸಿದ್ದಾರೆ! ಅಂಗಡಿಯ ಹುಡುಗಿಯನ್ನು ಕೇಳಿದೆ: "ಇದು ಎಲ್ಲಿ ಬೆಳೆಯುತ್ತೆ?" ಮಗಳು ಇಂಗ್ಲಿಷಿಗೆ ತಿರುಗಿಸುವಾಗ "ತಯಾರಾಗುತ್ತೆ" ಎಂದು ಹೇಳಿದಳು. ಹುಡುಗಿ ನಕ್ಕು "ಇಲ್ಲ, ನಾವೂ ಬೆಳೆಯೋದು ಅಂತಲೇ ಹೇಳೋದು" ಎಂದಳು. ಅಲ್ಲಿಗೆ ನಮ್ಮ ಮುಂದಿನ ಶನಿವಾರ ನಿಶ್ಚಯವಾಯಿತು.

ಉಪ್ಪಿನ ಆಗರಕ್ಕೆ ಹೋಗುವ ಮುಂಚೆ ಚೌಕದ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಚೌಕದ ನಡುವೆ ಕಂಚಿನ ಪ್ರತಿಮೆ ಇದೆ. ರಾಜನದ್ದಲ್ಲ, ಸೇನಾಪತಿಯದ್ದೂ ಅಲ್ಲ. ಪಿಟೀಲು ವಾದಕ ಜುಸೆಪ್ಪೆ ತಾರ್ತೀನಿಯದ್ದು. ಅವನು ಹುಟ್ಟಿದ್ದು ಇಲ್ಲೇ, 1692ರಲ್ಲಿ. ಚೌಕಕ್ಕೂ ಅವನದೇ ಹೆಸರು. ಪ್ರತಿಮೆ ನಿಲ್ಲಿಸಿದ್ದು 1896ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಅಲ್ಲಿ ಚೌಕವೇ ಇರಲಿಲ್ಲ, ನೀರಿತ್ತು! ಊರೊಳಗಿನ ದೋಣಿ ಬಂದರು ಅದು. ಊರಿನ ಕೊಳೆನೀರೆಲ್ಲ ಅದಕ್ಕೇ ಬಂದು ನಾರತೊಡಗಿತು. 1894ರಲ್ಲಿ ಮಣ್ಣು ತುಂಬಿಸಿ ಮುಚ್ಚಿದರು. ಪ್ರವಾಸಿಗಳು ಸುಂದರ ಚೌಕ ಎಂದು ಫೋಟೋ ಹೊಡೆಯುವುದು ಮುಚ್ಚಿದ ಕೊಚ್ಚೆಯ ಮೇಲೆ ನಿಂತು. ನಮ್ಮ ಪುರಸಭೆಯವರಿಗೆ ಇದರಿಂದ ಏನಾದರೂ ಹೊಳೆದರೆ ನನಗೆ ಸಂತೋಷವೇ.

ತಾರ್ತೀನಿ ಕಾನೂನು ಓದಲು ಪಾದೋವಾಕ್ಕೆ ಹೋದವನು ಕತ್ತಿವರಸೆಯಲ್ಲಿ ಹೆಸರು ಮಾಡಿದ. ಮನೆಯವರಿಗೆ ಬೇಡದ ಮದುವೆ ಮಾಡಿಕೊಂಡು ಮಠವೊಂದರಲ್ಲಿ ಅವಿತುಕೊಂಡ. ಅಲ್ಲಿ ಪಿಟೀಲು ಹಿಡಿದು ಕೂತ. ಕನಸಿನಲ್ಲಿ ದೆವ್ವವೊಂದು ಮಂಚದ ತುದಿಯಲ್ಲಿ ಕೂತು ಪಿಟೀಲು ಬಾರಿಸಿತು, ಎದ್ದ ಮೇಲೆ ನೆನಪಿದ್ದಷ್ಟನ್ನು ಬರೆದಿಟ್ಟೆ ಎಂದು ಅವನೇ ಹೇಳಿಕೊಂಡಿದ್ದಾನೆ. ದೆವ್ವ ಬಾರಿಸಿದ್ದಕ್ಕೆ ಹೋಲಿಸಿದರೆ ತಾನು ಬರೆದದ್ದು ಏನೂ ಅಲ್ಲ ಎಂದು ಕೊರಗಿದನಂತೆ. ಎಲ್ಲರೂ ಹೇಳೋದು ಈ ಕತೆಯನ್ನೇ.

ನನಗೆ ಇಷ್ಟವಾದದ್ದು ಬೇರೆ. ಪಿಟೀಲಿನಲ್ಲಿ ಎರಡು ತಂತಿಗಳನ್ನು ಒಟ್ಟಿಗೆ ಜೋರಾಗಿ ನುಡಿಸಿದಾಗ ಯಾರೂ ನುಡಿಸದ ಮೂರನೆಯ ತಗ್ಗು ಸ್ವರವೊಂದು ಕಿವಿಗೆ ಬೀಳುವುದನ್ನು ತಾರ್ತೀನಿ 1714ರ ಹೊತ್ತಿಗೆ ಗಮನಿಸಿದ. ಒಂದು ಸ್ವರದ ಕಂಪನ ಸೆಕೆಂಡಿಗೆ 600, ಇನ್ನೊಂದರದು 500 ಎಂದುಕೊಳ್ಳಿ. ಕಿವಿ 100ರ ಸ್ವರವನ್ನೂ ಕೇಳುತ್ತದೆ. ಇದಕ್ಕೆ ಇವತ್ತಿಗೂ ತಾರ್ತೀನಿ ಸ್ವರ ಎನ್ನುತ್ತಾರೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ಇದೇ ಪಿಟೀಲು ಮುಂದೆ ಮದ್ರಾಸಿಗೆ ಬಂದು, ದೀಕ್ಷಿತರ ಮನೆ ಸೇರಿ, ಮೈಸೂರಿನ ಚೌಡಯ್ಯನವರ ಕೈಯಲ್ಲಿ ಏಳು ತಂತಿ ಆದದ್ದು ನಿಮಗೆ ಗೊತ್ತೇ ಇದೆ.

ತಾರ್ತೀನಿಯ ಮಾತು ತೆಗೆದದ್ದಕ್ಕೆ ಕಾರಣ ಇದೆ. ಅವನ ಅಪ್ಪ ಫ್ಲಾರೆನ್ಸಿನಿಂದ ಬಂದು ಪಿರಾನಿನಲ್ಲಿ ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಉಪ್ಪಿನ ಆಗರದ ಅಧಿಕಾರಿ. ಮಗ ಓದಿದ್ದು ಉಪ್ಪಿನ ಸಂಬಳದಲ್ಲಿ. ಗುಡ್ಡದ ಮೇಲಿನ ಗೋಪುರವೂ ಅದೇ ದುಡ್ಡಿನದ್ದು, ಚೌಕದ ಸುತ್ತಲಿನ ಮನೆಗಳೂ ಅದೇ ದುಡ್ಡಿನವು. ಆ ಊರಿನಲ್ಲಿ ಕಣ್ಣಿಗೆ ಬೀಳುವುದೆಲ್ಲ ಖರ್ಚಿನ ಲೆಕ್ಕ. ಜಮೆ ಎಲ್ಲಾಯಿತು ಎಂದು ನೋಡಬೇಕಾದರೆ ಹತ್ತು ಕಿಲೋಮೀಟರ್ ಒಳಗೇ ಇರುವ ಸೆಚೊವ್ಲ್ಯೆ ಎಂಬಲ್ಲಿಗೆ ಹೋಗಬೇಕು. ಇವತ್ತು ಮಾತಾಡಲು ಬಂದದ್ದೇ ಅದಕ್ಕೆ.

ದ್ರಾಗೊನ್ಯಾ ಎಂಬ ಸಣ್ಣ ಹೊಳೆ ಸಮುದ್ರ ಸೇರುವ ಜಾಗ ಅದು. ಹೊಳೆಯ ಆಚೆ ಕ್ರೊಯೇಷಿಯಾ. ಅಘನಾಶಿನಿ ಅಳಿವೆಯನ್ನು ನೆನಪಿಸಿಕೊಳ್ಳಿ. ಹೊಳೆ ತಂದ ಮೆಕ್ಕಲು, ಉಬ್ಬರದ ಉಪ್ಪುನೀರು, ಚಪ್ಪಟೆ ನೆಲ. ಸುಮಾರು 700 ಹೆಕ್ಟೇರ್ ಜಾಗ. ಅದರಲ್ಲಿ ಬದು ಹಾಕಿ, ತೂಬಿಟ್ಟು, ಚೌಕ ಚೌಕ ಮಾಡಿದ ಆಗರಗಳು. 13ನೇ ಶತಮಾನದ ದಾಖಲೆಗಳಲ್ಲೇ ಇಲ್ಲಿನ ಉಪ್ಪಿನ ಮಾತು ಬರುತ್ತದೆ. ಪಿರಾನ್ 1283ರಲ್ಲಿ ವೆನಿಸ್ ಕೈಗೆ ಹೋಯಿತು, 1797ರವರೆಗೆ ಅದರ ಕೈಯಲ್ಲೇ ಇತ್ತು. ಐನೂರು ವರ್ಷ! ವೆನಿಸ್‌ಗೆ ಬೇಕಾಗಿದ್ದದ್ದು ಈ ಊರಿನ ಅಂದವಲ್ಲ, ಉಪ್ಪು. ಉಪ್ಪಿನ ವ್ಯಾಪಾರ ತನ್ನೊಬ್ಬಳದೇ ಆಗಬೇಕು ಎಂಬ ಹಟ ಆ ನಗರಕ್ಕೆ. ಬೆಲೆ ಅದು ಹೇಳಿದ್ದು. ಕದ್ದು ಮಾರಿದರೆ ದಂಡ. ಆದರೂ ಕದ್ದು ಮಾರಿದವರು ಇದ್ದರು, ಬಿಡಿ. ವೆನಿಸ್ ಹೋಗಿ ಆಸ್ಟ್ರಿಯಾ ಬಂತು, ಮೊದಲ ಮಹಾಯುದ್ಧ ಮುಗಿದು ಇಟಲಿ ಬಂತು, 1954ರಲ್ಲಿ ಯುಗೊಸ್ಲಾವಿಯಾ, 1991ರಿಂದ ಸ್ಲೊವೇನಿಯಾ. ಬಾವುಟ ಬದಲಾದಾಗೆಲ್ಲ ಆಗರದವನಿಗೆ ಆದದ್ದು ಒಂದೇ, ಉಪ್ಪು ಕೊಳ್ಳುವ ದೊರೆಯ ಹೆಸರು ಬದಲಾಯಿತು. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಜನ ಸಮುದ್ರದ ನೀರು ಕಾಯಿಸಿ ಸರ್ಕಾರಕ್ಕೆ ಸಡ್ಡು ಹೊಡೆದರಲ್ಲ, ಆ ಕತೆ ಕೇಳಿ ಬೆಳೆದ ನಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಆಗರ ಎರಡು ಭಾಗ. ಒಂದು ಲೆರಾ, ಅಲ್ಲಿ ಈಗಲೂ ಉಪ್ಪು ತೆಗೆಯುತ್ತಾರೆ. ನಡುವೆ ಒಂದು ಕಾಲುವೆ. ಅದರಾಚೆ ಫೊಂತಾನಿಜ್ಜೆ. ಅಲ್ಲಿ 1960ರ ದಶಕದಲ್ಲಿ ಕೆಲಸ ನಿಂತಿತು. ನಾವು ಮೊದಲು ಹೋದದ್ದು ನಿಂತುಹೋದ ಆಗರಕ್ಕೆ. ಎರಡು ದೇಶಗಳ ಗಡಿ ಠಾಣೆಗಳ ನಡುವಿನಿಂದ ದಾರಿ ಇಳಿಯುತ್ತದೆ. ಮರವಿಲ್ಲ, ನೆರಳಿಲ್ಲ. ಬದುವಿನ ಮೇಲೆ ಸಾಲಾಗಿ ಕಲ್ಲಿನ ಮನೆಗಳು. ಕೆಲವಕ್ಕೆ ಛಾವಣಿ ಇಲ್ಲ, ಕೆಲವಕ್ಕೆ ಒಂದೇ ಗೋಡೆ ಉಳಿದಿದೆ. ಕಿಟಕಿ ಇದ್ದ ಕಡೆ ಬರೀ ಆಕಾಶ.

ಒಂದೆರಡು ಮನೆಗಳನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಕೆಳಗಡೆ ಉಪ್ಪು ತುಂಬುವ ಕೋಣೆ. ಮಹಡಿಯಲ್ಲಿ ಅಡುಗೆ, ಮಲಗುವುದು ಎಲ್ಲ. ಎರಡೂ ಕಡೆಗೆ ಕಿಟಕಿ, ಯಾವ ದಿಕ್ಕಿನಿಂದ ಮೋಡ ಬಂದರೂ ಕಾಣಬೇಕಲ್ಲ. ಏಪ್ರಿಲ್ 24ರ ಹೊತ್ತಿಗೆ, ಸಂತ ಜಾರ್ಜನ ಹಬ್ಬ ಮುಗಿಸಿ, ಪಿರಾನಿನ ಸಂಸಾರಗಳು ದೋಣಿಯಲ್ಲಿ ಪಾತ್ರೆ ಪಗಡೆ, ಮಕ್ಕಳು ಮರಿ, ಕೋಳಿ ಎಲ್ಲ ಹೇರಿಕೊಂಡು ಇಲ್ಲಿಗೆ ಬರುತ್ತಿದ್ದರು. ಆಗಸ್ಟ್ 24ಕ್ಕೆ, ಸಂತ ಬಾರ್ತಲೋಮಿಯ ಹಬ್ಬಕ್ಕೆ ಗಂಟು ಕಟ್ಟುತ್ತಿದ್ದರು. ನಡುವಿನ ನಾಲ್ಕು ತಿಂಗಳು ಇದೇ ಮನೆ. ಪಿರಾನ್ ಖಾಲಿ. ಗಂಡಸರ ಜೊತೆ ಹೆಂಗಸರೂ ಮಕ್ಕಳೂ ದುಡಿಯುತ್ತಿದ್ದರು. ನಮ್ಮಲ್ಲೂ ಉಪ್ಪಿನ ಆಗರದಲ್ಲಿ ದುಡಿದವರಿಗೆ ಆಗೇರರು ಎಂದೇ ಹೆಸರು ಬಂತು ನೋಡಿ. ಕೆಲಸವೇ ಕುಲದ ಹೆಸರಾಗುವಷ್ಟು ದುಡಿತ.

ಮನೆಗಳು ಯಾಕೆ ಬಿದ್ದವು ಎಂದು ಕೇಳಿದೆ. ಅಗ್ಗದ ಉಪ್ಪು ಬಂತು ಎನ್ನುವುದು ಒಂದು ಉತ್ತರ. ಇನ್ನೊಂದು ಉತ್ತರ ಅಷ್ಟು ಸುಲಭದ್ದಲ್ಲ. ಎರಡನೇ ಮಹಾಯುದ್ಧದ ನಂತರ ಈ ಕರಾವಳಿ ಯಾರಿಗೆ ಸೇರಬೇಕು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 1954ರಲ್ಲಿ ಯುಗೊಸ್ಲಾವಿಯಾಕ್ಕೆ ಎಂದು ತೀರ್ಮಾನವಾದಾಗ ಪಿರಾನಿನ ಇಟಾಲಿಯನ್ ಮಾತಾಡುವ ಜನರಲ್ಲಿ ಹೆಚ್ಚಿನವರು ಊರು ಬಿಟ್ಟರು. ತಲೆತಲಾಂತರದಿಂದ ಉಪ್ಪು ಬೆಳೆದ ಸಂಸಾರಗಳೂ ಅವರಲ್ಲಿದ್ದವು. ಉಳಿದವರು ಕೆಲವೇ ಜನ. ಇವತ್ತು ಪಿರಾನಿನ ಬೀದಿ ಫಲಕಗಳಲ್ಲಿ ಎರಡು ಭಾಷೆ ಇದೆ: ಸ್ಲೊವೀನ್, ಇಟಾಲಿಯನ್. ಇಟಾಲಿಯನ್ ಶಾಲೆ ಇದೆ. ಪಾರ್ಲಿಮೆಂಟಿನ 90 ಸ್ಥಾನಗಳಲ್ಲಿ ಒಂದು ಇಟಾಲಿಯನ್ನರಿಗೆ ಮೀಸಲು. ಒಳ್ಳೆಯದೇ. ಆದರೆ ಆ ಫಲಕ ನೋಡಿದಾಗ ಹೋದವರ ನೆನಪೂ ಬರುತ್ತದೆ. ಬರಬೇಕು.

ಇದಕ್ಕೆ ಒಂದು ಬಾಲಂಗೋಚಿ. ಹೊರಗಿನವರನ್ನು ಒಳಗೆ ಮಾಡಿಕೊಳ್ಳುವುದರಲ್ಲಿ ಈ ಊರು ಒಮ್ಮೆ ಜಗತ್ತನ್ನೇ ಬೆರಗುಗೊಳಿಸಿತು. ಘಾನಾ ದೇಶದ ಪೀಟರ್ ಬಾಸ್‌ಮನ್ ಎಂಬವರು ವೈದ್ಯಕೀಯ ಓದಲು 1977ರಲ್ಲಿ ಯುಗೊಸ್ಲಾವಿಯಾಕ್ಕೆ ಬಂದು ಅಲ್ಲೇ ನಿಂತು ಡಾಕ್ಟರಾದವರು. 2010ರಲ್ಲಿ ಪಿರಾನಿನ ಜನ ಅವರನ್ನು ಮೇಯರ್ ಮಾಡಿದರು. ಯುರೋಪಿನ ಆ ಭಾಗದಲ್ಲಿ ಮೇಯರ್ ಆದ ಮೊದಲ ಕಪ್ಪು ಮನುಷ್ಯ ಅವರು. ಎಂಟು ವರ್ಷ ಇದ್ದರು.

ಈಗ ಬದುಕಿರುವ ಆಗರಕ್ಕೆ, ಲೆರಾಕ್ಕೆ ಬನ್ನಿ.

ಉಪ್ಪು ಹೇಗೆ ಆಗುತ್ತದೆ ಎಂಬುದು ಇಲ್ಲಿ ಕೂತಿರುವ ಅರ್ಧ ಜನಕ್ಕೆ ಗೊತ್ತು. ಇನ್ನರ್ಧ ಜನಕ್ಕಾಗಿ ಮೇಷ್ಟ್ರ ಚಾಳಿ ಒಂದು ನಿಮಿಷ ಸಹಿಸಿಕೊಳ್ಳಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕರಗಿದ ಲವಣ ಎಲ್ಲ ಸೇರಿ 35 ಗ್ರಾಂ. ಅದರಲ್ಲಿ ನಾವು ತಿನ್ನುವ ಉಪ್ಪು 27 ಗ್ರಾಂ ಇರಬಹುದು. ಅಂದರೆ ಒಂದು ಕಿಲೋ ಉಪ್ಪಿಗೆ ಕಡಿಮೆ ಎಂದರೂ 37 ಲೀಟರ್ ನೀರು ಆರಬೇಕು. ಒಂದೇ ಕಡೆ ಆರಿಸಿದರೆ ಕೆಲಸ ಕೆಡುತ್ತದೆ. ಮೊದಲು ಸುಣ್ಣದ ಅಂಶ ಇಳಿಯುತ್ತದೆ, ಆಮೇಲೆ ಜಿಪ್ಸಮ್, ಆಮೇಲೆ ಉಪ್ಪು. ಕೊನೆಗೆ ಉಳಿಯುವುದು ಮೆಗ್ನೀಸಿಯಂನ ಕಹಿ ನೀರು. ಅದಕ್ಕೇ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಪ್ರತಿ ಮಡಿಯಲ್ಲೂ ನೀರು ಇನ್ನಷ್ಟು ದಪ್ಪವಾಗುತ್ತದೆ. ನೀರಿನ ದಪ್ಪ ಹೇಳುವ ಬೋಮೆ ಅಳತೆಯಲ್ಲಿ 25 ಡಿಗ್ರಿ ಮುಟ್ಟಿದಾಗ ಕೊನೆಯ ಮಡಿಗೆ ಬಿಡುತ್ತಾರೆ. ಅಲ್ಲಿ ಉಪ್ಪು ಕಟ್ಟುತ್ತದೆ. ಸಾಣಿಕಟ್ಟಾದಲ್ಲೂ ಇದೇ, ಗುಜರಾತಿನಲ್ಲೂ ಇದೇ.

ಪಿರಾನಿನ ಗುಟ್ಟು ಇರುವುದು ಕೊನೆಯ ಮಡಿಯ ತಳದಲ್ಲಿ.

ಸಾಣಿಕಟ್ಟಾ ಉಪ್ಪು ಸ್ವಲ್ಪ ಕೆಂಪುಗಂದು ಇರುತ್ತದೆ, ಅಲ್ವಾ? ಅದು ಮಣ್ಣಿನ ಬಣ್ಣ. ನೆಲದ ಮೇಲೆ ಕಟ್ಟಿದ ಉಪ್ಪನ್ನು ಎಳೆದಾಗ ಜೇಡಿಯೂ ಚೂರು ಬರುತ್ತದೆ. ಅಪ್ಪೆಮಿಡಿಗೆ ಈ ಉಪ್ಪೇ ಆಗಬೇಕು ಎನ್ನುವವರು ನಮ್ಮಲ್ಲಿ ಇದ್ದಾರೆ, ನನ್ನಾಕೆಯೂ ಅದೇ ಪಂಗಡ. ಪಿರಾನಿನ ಆಗರವೂ ಕೆಸರೇ. ಆದರೆ ಉಪ್ಪು ಅಚ್ಚ ಬಿಳಿ. ಕಾರಣ ಪೆತೊಲಾ.

ಪೆತೊಲಾ ಎಂದರೆ ಒಂದು ಚಾಪೆ. ಯಾರೂ ನೇಯ್ದದ್ದಲ್ಲ. ನೀಲಿ-ಹಸಿರು ಪಾಚಿ ಎನ್ನುತ್ತೇವಲ್ಲ, ಅಸಲಿಗೆ ಒಂದು ಬಗೆಯ ಬ್ಯಾಕ್ಟೀರಿಯಾ, ಆ ಸೂಕ್ಷ್ಮಜೀವಿಗಳು ನೂಲಿನ ಹಾಗೆ ಹೆಣೆದುಕೊಂಡು, ಜೇಡಿಮಣ್ಣು, ಜಿಪ್ಸಮ್ ಎಲ್ಲ ಸೇರಿಸಿಕೊಂಡು ಮಡಿಯ ತಳದಲ್ಲಿ ಒಂದು ಪದರ ಕಟ್ಟುತ್ತವೆ. ಮುಟ್ಟಿದರೆ ಒದ್ದೆ ಚರ್ಮದ ಹಾಗೆ. ಉಪ್ಪು ಅದರ ಮೇಲೆ ಕಟ್ಟುತ್ತದೆ, ಕೆಸರು ಅದರ ಕೆಳಗೇ ಉಳಿಯುತ್ತದೆ. ಈ ವಿದ್ಯೆ 14ನೇ ಶತಮಾನದಲ್ಲಿ ಪಾಗ್ ಎಂಬ ದ್ವೀಪದಿಂದ ಬಂತು. ಆ ದ್ವೀಪ ಈಗ ಕ್ರೊಯೇಷಿಯಾದಲ್ಲಿದೆ. ಬ್ಯಾಕ್ಟೀರಿಯಾ ಎಂಬ ಪದವೇ ಹುಟ್ಟದ ಕಾಲದಲ್ಲಿ ಆ ಜನ ಬ್ಯಾಕ್ಟೀರಿಯಾ ಸಾಕಿದರು. ನಾವು ಹೆಪ್ಪು ಕಾಪಾಡಿಕೊಂಡು ಬಂದ ಹಾಗೆ ಎನ್ನಿ.

ಹೆಪ್ಪಿಗಾದರೂ ದಿನಾ ಹಾಲು ಸಾಕು. ಇದಕ್ಕೆ ವರ್ಷವಿಡೀ ಆರೈಕೆ ಬೇಕು. ಚಳಿಗಾಲದಲ್ಲಿ ನೀರಿನಡಿ ಮುಚ್ಚಿಡಬೇಕು, ಒಣಗಬಾರದು. ವಸಂತದಲ್ಲಿ ಮೇಲೆ ಕೂತ ಕೆಸರನ್ನು ತೆಗೆದು, ತೊಳೆದು, ಸಮ ಮಾಡಬೇಕು. ಉಪ್ಪು ತೆಗೆಯುವ ಕಾಲದಲ್ಲಿ ಹರಿಯದ ಹಾಗೆ ನೋಡಿಕೊಳ್ಳಬೇಕು. ಹಳಬರು ಮಡಿಗೆ ಇಳಿಯುವಾಗ ಕಾಲಿಗೆ ಚಪ್ಪಟೆ ಮರದ ಹಲಗೆ ಕಟ್ಟಿಕೊಳ್ಳುತ್ತಿದ್ದರು. ಹಿಮ್ಮಡಿ ಊರಿದರೆ ಚಾಪೆಗೆ ತೂತು ಬೀಳುತ್ತದಲ್ಲ, ಅದಕ್ಕೆ. ಸಲಕರಣೆ ಎಲ್ಲ ಮರದ್ದು. ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ಮೆಲ್ಲಗೆ ಗುಡ್ಡೆಗೆ ಎಳೆಯುತ್ತಾರೆ. ಬೇಸಿಗೆಯಲ್ಲಿ ದಿನಾ ಎಳೆಯಬೇಕು.

ನಾವು ನೋಡಿದಾಗ ಹೊತ್ತು ಇಳಿಯುತ್ತಿತ್ತು. ಒಬ್ಬ ಹುಡುಗ ಮಡಿಯೊಳಗೆ ಉಪ್ಪು ಎಳೆಯುತ್ತಿದ್ದ, ವಯಸ್ಸು ಇಪ್ಪತ್ತೈದು ಇದ್ದೀತು. ಎಲ್ಲಿಯೂ ನೀರು ಚಿಮ್ಮಲಿಲ್ಲ, ಸದ್ದೂ ಇಲ್ಲ. ಸಕ್ಕರೆ ಡಬ್ಬಿ ಅಲುಗಿಸಿದಾಗ ಬರುತ್ತದಲ್ಲ, ಅಂಥ ಸರಸರ ಅಷ್ಟೆ. ಮೊಮ್ಮಗ ಬದುವಿನಿಂದ ಇಳಿಯಲು ಹೋದ. ಜೊತೆಗಿದ್ದ ಗೈಡ್ ತಕ್ಷಣ ಅವನ ತೋಳು ಹಿಡಿದಳು. "ಅದರ ಮೇಲೆ ಕಾಲಿಡಬೇಡ, ಅದಕ್ಕೆ ಜೀವ ಇದೆ" ಎಂದಳು. ಮಗು ಬಗ್ಗಿ, ಆ ಕಂದು ನೆಲವನ್ನು ತುಂಬಾ ಹೊತ್ತು ನೋಡಿತು.

ಆ ಊರಿನ ಬಗ್ಗೆ ನಾನು ಹೇಳಬೇಕಾದದ್ದು ಬಹುಶಃ ಇಷ್ಟೇ. ಕಲ್ಲಿನ ಮನೆ ಬಿದ್ದರೆ ಮತ್ತೆ ಕಟ್ಟಬಹುದು. ನಕ್ಷೆ ಇದ್ದರೆ ಆಯಿತು, ದುಡ್ಡು ಇದ್ದರೆ ಆಯಿತು. ಈ ಚಾಪೆಯನ್ನು ನಾಲ್ಕು ವರ್ಷ ಹಾಗೇ ಬಿಟ್ಟರೆ ಅದು ಕೆಸರಾಗುತ್ತದೆ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೂ ಕೆಟ್ಟುಹೋಗುತ್ತದೆ. ಅದನ್ನು ಉಳಿಸುವ ದಾರಿ ಒಂದೇ, ಉಪ್ಪು ಎಳೆಯುತ್ತಾ ಇರುವುದು. ಉಪ್ಪು ಎಳೆಯಬೇಕಾದರೆ ಯಾರೋ ಕೊಳ್ಳಬೇಕು. ಅಂಗಡಿಯ ಬೆಲೆ ನೋಡಿ ನಾನು ನಕ್ಕಿದ್ದೆ ಎಂದೆನಲ್ಲ. ಮಡಿಯ ಪಕ್ಕ ನಿಂತ ಮೇಲೆ ಆ ನಗು ಹೋಯಿತು. 2000ದ ದಶಕದಲ್ಲಿ ಈ ಆಗರವನ್ನು ನಡೆಸಲು ಮುಂದೆ ಬಂದದ್ದು ಒಂದು ಮೊಬೈಲ್ ಫೋನ್ ಕಂಪನಿ ಎಂದರೆ ನಂಬುತ್ತೀರಾ? ಸಿಮ್ ಮಾರಿದ ದುಡ್ಡು ಪಾಚಿಗೆ. ವಿಚಿತ್ರ ಅನ್ನಿಸಿತು, ಆದರೆ ತಪ್ಪು ಅನ್ನಿಸಲಿಲ್ಲ.

ಹಕ್ಕಿಗಳ ಮಾತು ಎತ್ತದಿದ್ದರೆ ಮುಂದಿನ ಸಾಲಿನಲ್ಲಿ ಕೂತ ನಮ್ಮ ಪಕ್ಷಿಪ್ರೇಮಿಗಳು ಬಿಡುವುದಿಲ್ಲ. ಸೆಚೊವ್ಲ್ಯೆಯಲ್ಲಿ ಸುಮಾರು 300 ಜಾತಿಯ ಹಕ್ಕಿಗಳು ದಾಖಲಾಗಿವೆ. ಬೆಳ್ಳಕ್ಕಿ ಕಂಡೆ, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಕಂಡೆ. ಎರಡೂ ಇಲ್ಲಿಯವೇ, ಪಾಸ್‌ಪೋರ್ಟ್ ಇಲ್ಲದೆ ಇರುವವು. ಎರಡು ಗ್ರಾಂ ತೂಗುವ ಒಂದು ಬಗೆಯ ಮೂಗಿಲಿಯೂ ಅಲ್ಲಿದೆಯಂತೆ. ತೂಕದ ಲೆಕ್ಕದಲ್ಲಿ ಜಗತ್ತಿನ ಅತಿ ಹಗುರ ಸಸ್ತನಿಗಳಲ್ಲಿ ಅದೊಂದು. ಕಣ್ಣಿಗೆ ಬೀಳಲಿಲ್ಲ. 1993ರಲ್ಲಿ ಈ ಜಾಗ ರಾಮ್ಸಾರ್ ಪಟ್ಟಿಗೆ ಸೇರಿತು. ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ ಅದು. ನಮ್ಮ ಅಘನಾಶಿನಿ ಅಳಿವೆ ಅದೇ ಪಟ್ಟಿ ಸೇರಿದ್ದು 2024ರಲ್ಲಿ. ಅಂದರೆ ಈ ಎರಡು ಡಬ್ಬಿ ಈಗ ಒಂದೇ ಪಟ್ಟಿಯ ನೆಂಟರು.

ವೇಳೆ ಆಯಿತು ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಒಂದೇ ಒಂದು ವಿಷಯ. ನೀವು ಯಾರಾದರೂ ಹೋದರೆ ಚೌಕದ ಹಿಂದಿನ ಓಣಿಗಳಲ್ಲಿ ನುಗ್ಗಿ ಮೇ ಒಂದರ ಚೌಕ ಎಂಬ ಸಣ್ಣ ಬಯಲಿಗೆ ಹೋಗಿ. ಜಾಸ್ತಿ ಜನ ಅಲ್ಲಿಗೆ ಹೋಗುವುದಿಲ್ಲ. ನಡುವೆ ಎತ್ತರದ ಕಲ್ಲಿನ ಜಗಲಿ ಇದೆ. ಅದು ಜಗಲಿಯಲ್ಲ, ನೀರಿನ ತೊಟ್ಟಿಯ ಮುಚ್ಚಳ. 1775ರಲ್ಲಿ ಬರ ಬಂತು. ಸುತ್ತ ಉಪ್ಪುನೀರು, ಕುಡಿಯಲು ನೀರಿಲ್ಲ. ಮರುವರ್ಷವೇ ಈ ತೊಟ್ಟಿ ಕಟ್ಟಿದರು. ಅಕ್ಕಪಕ್ಕದ ಮಾಡುಗಳ ಮಳೆನೀರು ಅವುಗಳ ಅಂಚಿನ ದೋಣಿಯಲ್ಲಿ ಹರಿದು ಇದಕ್ಕೆ ಬರುತ್ತಿತ್ತು. ಮೂಲೆಗಳಲ್ಲಿ ಕೊಡ ಹಿಡಿದ ಕಲ್ಲಿನ ಮಕ್ಕಳು ನಿಂತಿದ್ದಾರೆ, ನೀರು ಅವರ ಕೊಡದ ಮೂಲಕ ಇಳಿಯುವ ಹಾಗೆ. ನಾವು ಹೋದಾಗ ಅದರ ಮೇಲೆ ಹುಡುಗರು ಚೆಂಡು ಆಡುತ್ತಿದ್ದರು.

ಪ್ರಶ್ನೆ ಇದ್ದರೆ ಕೇಳಿ.

(ಕೇಳಿದ್ದು ಮೂರೇ ಪ್ರಶ್ನೆ. ಇಲ್ಲಿ ಎರಡನ್ನು ಬರೆಯುತ್ತೇನೆ.)

ಒಬ್ಬರು ಅಕ್ಕ ಕೇಳಿದರು: "ಸರ್, ಅಲ್ಲಿ ಮೀನು ತಿಂದ್ರಾ?" ತಿಂದೆ ಅಕ್ಕಾ. ತಾರ್ಲೆಯಂಥದ್ದೇ ಮೀನು, ಬರೀ ಉಪ್ಪು, ಆಲಿವ್ ಎಣ್ಣೆ ಹಾಕಿ ಸುಟ್ಟದ್ದು. ಮೀನು ತಾಜಾ ಇತ್ತು. ಖಾರ ಇಲ್ಲದೆ ಹೇಗೆ ತಿನ್ನುತ್ತಾರೋ. ನನ್ನಾಕೆ ಕೈಚೀಲದಿಂದ ಮೆಣಸಿನಪುಡಿ ತೆಗೆದದ್ದನ್ನು ಮಗಳು ನೋಡದ ಹಾಗೆ ನಟಿಸಿದಳು.

ಹಿಂದಿನ ಸಾಲಿನಿಂದ ಸಾಣಿಕಟ್ಟಾದ ಒಬ್ಬ ಹಿರಿಯರು ಎದ್ದರು. ಆಗರದಲ್ಲೇ ಕೆಲಸ ಮಾಡಿದವರು. "ಮಾಸ್ತರ್ರೇ, ಅವರ ಪಾಚಿ ತಂದು ನಮ್ಮಲ್ಲಿ ಹಾಕಿದ್ರೆ ನಮ್ಮ ಉಪ್ಪೂ ಬೆಳ್ಳಗಾಗ್ತದಾ?" ಎಂದು ಕೇಳಿದರು. ನಾನು ಹೇಳಿದೆ: ಅಲ್ಲಿ ಮಳೆ ನಮ್ಮ ಹಾಗೆ ಹೊಡೆಯುವುದಿಲ್ಲ. ನಮ್ಮ ಒಂದು ಮುಂಗಾರಿಗೆ ಆ ಚಾಪೆ ಅರಬ್ಬಿ ಸಮುದ್ರ ಸೇರೀತು. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಬೇಡ. ನಮ್ಮದು ಕೆಂಪೇ ಇರಲಿ. ಡಬ್ಬಿ ಕೊಡಿ, ರುಚಿ ನೋಡುವ" ಎಂದರು.

ಡಬ್ಬಿ ಮೊದಲು ಅವರ ಕೈಗೇ ಹೋಯಿತು. ಬಿಳಿಯದನ್ನು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟರು. ಬೆರಳಲ್ಲಿ ಹರಳನ್ನು ಹೊರಳಿಸಿ ಬೆಳಕಿಗೆ ಹಿಡಿದು ನೋಡಿದರು. "ದಿನಾ ಎಳೆದದ್ದು ಹೌದು, ಹರಳು ಸಣ್ಣ" ಎಂದು ಪಕ್ಕದವರಿಗೆ ದಾಟಿಸಿದರು.